ಕಣಜದ ಕೋಣೆಗೆ ವೈರು

ಅಮ್ಮಣ್ಣಿಯವರ ಕಾಲಿಗೆ ನೀಲಿ ವೈರು ಸುತ್ತಿಕೊಂಡದ್ದು ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ. ಎಂಬತ್ತನಾಲ್ಕರ ಮುದುಕಿ ಬಿದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಪುಣ್ಯಕ್ಕೆ ಅಡುಗೆಮನೆಯ ಬಾಗಿಲು ಕೈಗೆ ಸಿಕ್ಕಿತು. ಬೀಳಲಿಲ್ಲ, ಆದರೆ ಬಿದ್ದವರಿಗಿಂತ ಜೋರಾಗಿ ಕೂಗಿದರು.

"ಮಂಗಾ! ಯಾರೇ ಇದು ಮನೆ ತುಂಬ ಹಗ್ಗ ಬಿಟ್ಟಿರೋದು? ನನ್ನ ಸಾಯ್ಸಕ್ಕಾ?"

ಹಿಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಚೈತ್ರಳಿಗೆ ಅಜ್ಜಿಯ ಕೂಗು ಕೇಳಿಸಲಿಲ್ಲ. ಕೇಳಿಸಿದ್ದು ಮೌನ. ದಾವಣಗೆರೆಯ ಯಾರೋ ಒಬ್ಬರು ತಮ್ಮ ಆಸ್ಪತ್ರೆ ಬಿಲ್ಲಿನ ವಿಮೆ ಏಕೆ ಬಂದಿಲ್ಲ ಎಂದು ಬೈಯುತ್ತಿದ್ದವರು ಅರ್ಧ ಬೈಗುಳದಲ್ಲೇ ನಿಂತುಹೋದರು. ವೈರು ಕಿತ್ತುಬಂದಿತ್ತು.

ಹೊರಗೆ ಬಂದರೆ ಅತ್ತೆ ಮಂಗಮ್ಮ ಆಗಲೇ ವೈರನ್ನು ಮೊಣಕೈಗೆ ಸುತ್ತುತ್ತ ನಿಂತಿದ್ದರು. ಮಾವ ಗಂಗಾಧರಯ್ಯ ಟೀವಿಯ ಸದ್ದು ಇಳಿಸಿ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಅವ್ವ ಬಿದ್ದಿದ್ರೆ ಸೊಂಟ ಮುರೀತಿತ್ತಮ್ಮ. ನೆಲದ ಮೇಲೆ ಬೇಡ. ಗೋಡೆ ಕೊರೆಸಿ, ಮೇಲಿಂದ ಎಳ್ಸಿ."

"ಅದನ್ನೇ ಮಾಡ್ಸೋಣ ಮಾವ," ಎಂದಳು ಚೈತ್ರ. ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣ ಅಜ್ಜಿ ಮುಗ್ಗರಿಸಿದ್ದೊಂದೇ ಆಗಿರಲಿಲ್ಲ.

ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಕಟ್ಟಿದ ಮನೆ ಅದು. ಮೇಲೆ ಎರಡು ಅಂತಸ್ತು ಎದ್ದು ಬಾಡಿಗೆಗೆ ಹೋಗಿವೆ. ಕೆಳಗೆ ಮಾತ್ರ ಹಳೆಯದು ಹಳೆಯದರಂತೆಯೇ ಉಳಿದಿದೆ: ಮುಂದೆ ಹಾಲು, ಆಮೇಲೆ ಊಟ ಮಾಡುವ ನಡುಮನೆ, ಅದರಾಚೆ ಹಿಂದಿನ ಕೋಣೆ. ಒಂದು ಕಾಲಕ್ಕೆ ಆ ಕೋಣೆಯಲ್ಲಿ ರಾಗಿ ಕಣಜವಿತ್ತು. ಇಲಿ, ಹೆಗ್ಗಣ, ಕಳ್ಳ ಯಾರೂ ನುಗ್ಗಬಾರದೆಂದು ಗಂಗಾಧರಯ್ಯನವರ ತಂದೆ ಅದಕ್ಕೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ಹಾಕಿಸಿದ್ದರು. ಇಂಟರ್‌ನೆಟ್ಟೂ ನುಗ್ಗುತ್ತಿರಲಿಲ್ಲ. ಹಾಲಿನಲ್ಲಿ ಟೀವಿ ಪಕ್ಕದ ಪೆಟ್ಟಿಗೆಯಿಂದ ಹೊರಟ ಸಿಗ್ನಲ್ಲು ನಡುಮನೆಯವರೆಗೆ ಬಂದು, ಆ ಗೋಡೆಯನ್ನು ನೋಡಿ ಹಿಂದಿರುಗುತ್ತಿತ್ತು. ಬಾಗಿಲ ಸಂದಿಯಲ್ಲಿ ವೈರು ತೂರಿಸೋಣವೆಂದರೆ ಹಳೇ ಕಾಲದ ತೇಗದ ಬಾಗಿಲು, ಮುಚ್ಚಿದರೆ ಇರುವೆಗೂ ದಾರಿಯಿಲ್ಲ. ಅಕ್ಕಪಕ್ಕದ ಮನೆಗಳ ಗೋಡೆ ಅಂಟಿಕೊಂಡಿರುವುದರಿಂದ ಹೊರಗಿನಿಂದಲೂ ದಾರಿಯಿಲ್ಲ.

ಚೈತ್ರಳ ಕಂಪನಿಯ ಆದೇಶ ಹಿಂದಿನ ವಾರ ಬಂದಿತ್ತು. ಮನೆಯಿಂದ ಕೆಲಸ ಮಾಡುವವರು ಬಾಗಿಲು ಮುಚ್ಚಿದ ಕೋಣೆಯಲ್ಲಿ, ವೈರಿನ ಇಂಟರ್‌ನೆಟ್‌ನಲ್ಲೇ ಕೂತಿರಬೇಕು. ಫೋಟೊ ಸಮೇತ ತೋರಿಸಬೇಕು. ತಿಂಗಳ ಕೊನೆಯೊಳಗೆ ತೋರಿಸದವರು ದಿನಾ ಸರ್ಜಾಪುರ ರಸ್ತೆಯ ಆಫೀಸಿಗೆ ಬರಬೇಕು. ಅವಳ ಮೇಲಧಿಕಾರಿ ನರೇಂದ್ರ ಒಳ್ಳೆಯವನೇ. ಆದರೂ, "ರೂಲ್ ಎಲ್ರಿಗೂ ಒಂದೇ ಚೈತ್ರ, ನಾನೇನೂ ಮಾಡಕ್ಕಾಗಲ್ಲ" ಎಂದಿದ್ದ. ಇಷ್ಟು ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗೊತ್ತಿಲ್ಲದ್ದು ಇನ್ನೊಂದು. ಆದೇಶ ಬಂದ ಮೂರನೆಯ ದಿನ ಚೈತ್ರ ಬಚ್ಚಲಿನಲ್ಲಿ ಪರೀಕ್ಷೆಯ ಪಟ್ಟಿ ಹಿಡಿದು ನೋಡಿದರೆ ಎರಡು ಗೆರೆ. ಮದುವೆಯಾಗಿ ಐದು ವರ್ಷ, ಅದರಲ್ಲಿ ಎರಡು ವರ್ಷ ಚಿಕಿತ್ಸೆ, ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಡಾಕ್ಟರು ಖುಷಿಪಟ್ಟು, ಕೂಡಲೇ ಬೆರಳೆತ್ತಿ ಎಚ್ಚರಿಸಿದ್ದರು: ಮೊದಲ ಮೂರು ತಿಂಗಳು ಕುಲುಕಾಟದ ಪ್ರಯಾಣ ಬೇಡ. ಸರ್ಜಾಪುರ ರಸ್ತೆಯಲ್ಲಿ ಕುಲುಕಾಟ ಬಿಟ್ಟು ಬೇರೆ ಪ್ರಯಾಣವೇ ಇಲ್ಲ.

ಇಂಥ ಸುದ್ದಿಯನ್ನು ಯಾರಾದರೂ ಬಚ್ಚಿಡುತ್ತಾರೆಯೇ? ಬಚ್ಚಿಡೋಣ ಎಂದವನು ಅವಳ ಗಂಡ ದೀಪಕ್. ಬನಶಂಕರಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು, ದೂರದ್ದೂ ಹತ್ತಿರದ್ದೂ ಒಟ್ಟಿಗೆ ನೋಡಬಲ್ಲೆ ಎಂದು ಅವನಿಗೊಂದು ಹೆಮ್ಮೆ.

"ಶೃತಿ ಬಂದಿದ್ದಾಗ ನೋಡ್ಲಿಲ್ವಾ ನೀನು?" ಎಂದ. ನೋಡಿದ್ದಳು. ಗಿರಿನಗರಕ್ಕೆ ಕೊಟ್ಟಿದ್ದ ನಾದಿನಿ ಶೃತಿ ಬಸುರಿಯಾಗಿ ತವರಿಗೆ ಬಂದಿದ್ದಾಗ ಈ ಮನೆಯ ಗೋಡೆಗೆ ಒಂದು ಮೊಳೆ ಬಿದ್ದಿರಲಿಲ್ಲ. ಬಸುರಿಯಿರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಗೋಡೆ ಕೊರೆಯಬಾರದು, ನೆಲ ಅಗೆಯಬಾರದು, ಅಮ್ಮಣ್ಣಿಯವರ ಕಾನೂನು. ಹೊಸದಾಗಿ ತಂದ ನೀರಿನ ಫಿಲ್ಟರ್ ಐದು ತಿಂಗಳು ಸ್ಟೂಲಿನ ಮೇಲೆ ಕೂತಿತ್ತು. ಯುಗಾದಿಯ ಕ್ಯಾಲೆಂಡರ್ ಮಡಚಿಕೊಂಡು ಫ್ರಿಜ್ಜಿನ ಮೇಲಿತ್ತು. ತಿಥಿ ನೋಡಬೇಕಾದಾಗೆಲ್ಲ ಗಂಗಾಧರಯ್ಯ ಅದನ್ನು ಬಿಡಿಸಿ, ನೋಡಿ, ಮತ್ತೆ ಮಡಚಿಡುತ್ತಿದ್ದರು.

"ಈಗ ಹೇಳಿದ್ರೆ ಮುಗೀತು. ಒಂಬತ್ತು ತಿಂಗಳು ಡ್ರಿಲ್ ಮಷಿನ್ ಗೇಟ್ ದಾಟಲ್ಲ. ತೂತು ಮೊದ್ಲು, ಸ್ವೀಟು ಆಮೇಲೆ," ಎಂದ ದೀಪಕ್.

"ಅತ್ತೆಗೆ ಹೇಳ್ದೆ ಹೆಂಗಿರ್ಲಿ? ಪಾಪ, ಎಷ್ಟು ಕಾದಿದಾರೆ."

"ನಾಲ್ಕೇ ದಿನ ಕಣೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವರ ಪಾಡು ಏನಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇಂಟರ್‌ನೆಟ್ಟಿನವರ ಕಡೆಯಿಂದ ಬಂದವನು ಸಿದ್ದಾರೂಢ. ಹುಬ್ಬಳ್ಳಿ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಹಾಲಿಗೂ ನಡುಮನೆಗೂ ನಡುವಿನ ಇಟ್ಟಿಗೆ ಗೋಡೆ ಎರಡೇ ನಿಮಿಷದಲ್ಲಿ ತೂತಾಯಿತು. ಕಣಜದ ಗೋಡೆಯ ಮುಂದೆ ಸ್ಟೂಲು ಹತ್ತಿ ಮಷಿನ್ ಒತ್ತಿದವನು ಹತ್ತು ನಿಮಿಷ ಗುದ್ದಾಡಿ, ಮೈತುಂಬ ಮಣ್ಣು ಮೆತ್ತಿಕೊಂಡು ಇಳಿದ.

"ಅಕ್ಕಾರ, ಇದು ಗ್ವಾಡಿ ಅಲ್ರಿ, ಕ್ವಾಟಿ ಐತ್ರಿ. ನನ್ನ ಡ್ರಿಲ್ಲಿನ ಬಿಟ್ಟು ಗಿಡ್ಡ ಐತಿ, ಅರ್ಧಕ್ಕ ಮುಗೀತು. ಉದ್ದಂದು ಬೇಕ್ರಿ. ನಾಳೆ ತರ್ತೀನಿ."

"ನಮ್ಮಪ್ಪ ಕಟ್ಸಿದ್ದು!" ಎಂದು ಗಂಗಾಧರಯ್ಯ ಹಾಲಿನಿಂದಲೇ ಹಿಗ್ಗಿದರು. ಸೊಸೆಯ ಕೆಲಸ ನಿಂತದ್ದಕ್ಕಿಂತ ಅಪ್ಪನ ಗೋಡೆ ಗೆದ್ದದ್ದೇ ಅವರಿಗೆ ದೊಡ್ಡದಾಯಿತು.

ಸಿದ್ದಾರೂಢನ ನಾಳೆ ಬರಲಿಲ್ಲ. ಮಾರನೆಯ ದಿನ ಫೋನ್ ಮಾಡಿದರೆ ತಿಲಕ್ ನಗರದಲ್ಲಿ ಕೆಲಸ, ಅದರ ಮರುದಿನ ಉದ್ದದ ಬಿಟ್ಟನ್ನು ಇನ್ನೊಬ್ಬ ಒಯ್ದಿದ್ದಾನೆ, ಆಮೇಲೆ ಫೋನೇ ಎತ್ತಲಿಲ್ಲ. ಬೇರೆ ಎಲೆಕ್ಟ್ರಿಷಿಯನ್ನರನ್ನು ಕರೆತಂದರೆ ಅರ್ಧ ತೂತನ್ನು ಇಣುಕಿ, "ಬೇರೆಯವರು ಕೈಹಾಕಿದ್ದಕ್ಕೆ ನಾವು ಹಾಕಲ್ಲ ಸಾರ್" ಎಂದು ಹೋದರು. ಹೀಗೆ ಮನೆಯಲ್ಲಿ ಒಂದೂವರೆ ತೂತು ಇಟ್ಟುಕೊಂಡು ಚೈತ್ರ ದಿನ ಎಣಿಸತೊಡಗಿದಳು. ನಾಲ್ಕು ದಿನ ಹತ್ತಾಯಿತು.

ಹೊಟ್ಟೆಯೊಳಗಿನದು ಸಿದ್ದಾರೂಢನಿಗಾಗಿ ಕಾಯುತ್ತದೆಯೇ? ಬೆಳಗ್ಗೆ ಒಗ್ಗರಣೆಯ ವಾಸನೆ ಬಂದರೆ ಸಾಕು, ಚೈತ್ರ ಬಚ್ಚಲಿಗೆ ಓಡಿ ನಲ್ಲಿ ಜೋರಾಗಿ ತಿರುಗಿಸುತ್ತಿದ್ದಳು. ಹುರುಳಿಕಾಳಿನ ಬಸ್ಸಾರು ಅಂದರೆ ಬಟ್ಟಲು ನೆಕ್ಕುತ್ತಿದ್ದವಳಿಗೆ ಈಗ ಅದರ ಹೆಸರೂ ಬೇಡ.

"ಯಾಕೇ, ಮುದ್ದೆ ಹಂಗೇ ಇದೆ?" ಎಂದು ಅಮ್ಮಣ್ಣಿ ಕಣ್ಣು ಕಿರಿದು ಮಾಡಿದರು.

"ಗ್ಯಾಸ್ಟ್ರಿಕ್ ಅಜ್ಜಿ."

"ದಿನಾ ಗ್ಯಾಸ್ಟ್ರಿಕ್ಕಾ?"

"ಕೂತೇ ಕೆಲ್ಸ ಮಾಡ್ತಾಳಲ್ಲ ಅತ್ತೆ, ಆಗುತ್ತೆ," ಎಂದು ಮಂಗಮ್ಮ ಚೈತ್ರಳ ತಟ್ಟೆಯನ್ನು ಎತ್ತಿಕೊಂಡು ಹೋದರು. ಮಾರನೆಯ ದಿನದಿಂದ ಒಲೆಯ ಮೇಲೆ ಒಂದು ಪುಟ್ಟ ಪಾತ್ರೆಯಲ್ಲಿ ತಿಳಿಸಾರು ಬೇರೆ ಕುದಿಯತೊಡಗಿತು. ಯಾಕೆ ಎಂದು ಅಮ್ಮಣ್ಣಿ ಕೇಳಿದಾಗ ಮಂಗಮ್ಮ, ನಿಮ್ಮ ಮಗನಿಗೆ ಹೊಟ್ಟೆ ಸರಿಯಿಲ್ಲ ಎಂದರು. ಹೊಟ್ಟೆ ಸರಿಯಿದ್ದ ಗಂಗಾಧರಯ್ಯ ಏನೂ ಅರ್ಥವಾಗದೆ ಎರಡು ದಿನ ತಿಳಿಸಾರು ಉಂಡರು. ಚೈತ್ರ ತನ್ನ ಅದೃಷ್ಟಕ್ಕೆ ಕೈಮುಗಿದು ಅದನ್ನೇ ಬಡಿಸಿಕೊಂಡಳು.

ಶುಕ್ರವಾರ ಅಜ್ಜಿ ನೇರವಾಗಿ ಕೇಳಿಬಿಟ್ಟರು. "ಚೈತ್ರ, ಈ ತಿಂಗ್ಳು ನೀನು ಹೊರಗೆ ಕೂತಂಗೇ ಕಾಣ್ಲಿಲ್ವಲ್ಲ?"

ಉತ್ತರ ಯೋಚಿಸಲು ಸಮಯವೆಲ್ಲಿ? "ಇವತ್ತೇ ಅಜ್ಜಿ," ಎಂದಳು ಚೈತ್ರ.

ಹೇಳಿದ ಮೇಲೆ ಕೂರಬೇಕಲ್ಲ. ಆ ಮನೆಯಲ್ಲಿ ಹೊರಗಾದವರು ಮೂರು ದಿನ ದೇವರ ಮನೆ, ಅಡುಗೆಮನೆಗೆ ಕಾಲಿಡುವಂತಿಲ್ಲ. ಚಾಪೆ ಬೇರೆ, ತಟ್ಟೆ ಲೋಟ ಬೇರೆ. ಐದು ವರ್ಷ ಪ್ರತಿ ತಿಂಗಳೂ ಅಳುತ್ತ ಕೂತಿದ್ದವಳು ಈ ಬಾರಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು, ಕಣಜದ ಕೋಣೆಯಲ್ಲಿ ಸುಳ್ಳು ಸುಳ್ಳೇ ಕೂತಳು. ಮಂಗಮ್ಮ ಮೂರು ಹೊತ್ತೂ ತಟ್ಟೆ ತಂದು ಬಾಗಿಲ ಬಳಿ ಇಡುತ್ತಿದ್ದರು. "ಈ ತಿಂಗ್ಳೂ ಇಲ್ವಲ್ಲ" ಎಂದು ಹಿಂದೆಲ್ಲ ನಿಟ್ಟುಸಿರು ಬಿಡುತ್ತಿದ್ದವರು ಈ ಸಲ ಒಂದು ಮಾತೂ ಆಡಲಿಲ್ಲ. ಅದೇ ಚೈತ್ರಳನ್ನು ಹೆಚ್ಚು ಚುಚ್ಚಿತು. ನೋಡಿ ನೋಡಿ ಅತ್ತೆಗೆ ಆಸೆಯೇ ಬತ್ತಿಹೋಗಿದೆ ಎಂದುಕೊಂಡು ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನನ್ ಕೈಲಿ ಆಗಲ್ಲ ದೀಪಕ್," ಎಂದಳು ಫೋನಿನಲ್ಲಿ. "ಇವತ್ತೇ ಹೇಳ್ಬಿಡ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ."

"ಇನ್ನೊಂದು ವಾರ ಇದೆ. ಆ ಸಿದ್ದಾರೂಢನ ಮನೆಗೇ ಹೋಗಿ ಎಳ್ಕೊಂಡ್ ಬರ್ತೀನಿ ಇರು."

ಎಳೆದು ತರಬೇಕಾಗಲಿಲ್ಲ. ಬುಧವಾರ ಬೆಳಗ್ಗೆ ಮಂಗಮ್ಮ ಒಂದು ಚೀಲದಲ್ಲಿ ಹುರಿಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ ತುಂಬಿ ಚೈತ್ರಳ ಕೈಗಿತ್ತರು. "ಇವತ್ತು ರಜಾ ಅಲ್ವಾ ನಿಂಗೆ? ಇದನ್ನ ಶೃತಿಗೆ ಕೊಟ್ಟು ಬಾ. ಆಟೋದಲ್ಲಿ ನಿಧಾನಕ್ಕೆ ಹೋಗು. ಸಂಜೆ ತನಕ ಅಲ್ಲೇ ಇದ್ದು, ಮಗೂನ ಆಡ್ಸಿ ಬಾ."

ಸಂಜೆ ಹಿಂತಿರುಗಿದಾಗ ನೀಲಿ ವೈರು ಹಾಲಿನಿಂದ ಹೊರಟು, ಸೂರಿನ ಅಂಚಿನಲ್ಲಿ ನೆಟ್ಟಗೆ ಹರಿದು, ಕಣಜದ ಗೋಡೆಯನ್ನು ತೂರಿಕೊಂಡು ಅವಳ ಮೇಜಿನ ಪಕ್ಕಕ್ಕೆ ಇಳಿದಿತ್ತು.

"ಸಿದ್ದಾರೂಢ ಬಂದಿದ್ದ," ಎಂದರು ಮಂಗಮ್ಮ, ಸೊಪ್ಪು ಬಿಡಿಸುತ್ತ.

ಚೈತ್ರ ಬಾಗಿಲು ಮುಚ್ಚಿ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ಫೋಟೊ ತೆಗೆದು ನರೇಂದ್ರನಿಗೆ ಕಳಿಸಿದಳು. ಐದು ನಿಮಿಷದಲ್ಲಿ "ಅಪ್ರೂವ್ಡ್" ಎಂದು ಬಂತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ಶುಕ್ರವಾರ ಒಳ್ಳೆಯ ದಿನ, ದೇವರ ಮುಂದೆ ನಿಂತು ಎಲ್ಲರಿಗೂ ಹೇಳುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಬಚ್ಚಲಿನಲ್ಲಿ ಅವಳಿಗೆ ರಕ್ತ ಕಾಣಿಸಿತು.

ಬಾಗಿಲು ಹಿಡಿದುಕೊಂಡೇ ಹೊರಬಂದಳು. ಮಂಗಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. "ಅತ್ತೆ..." ಎಂದಳು.

ಮಂಗಮ್ಮ ಅವಳ ಮುಖ ನೋಡಿದವರೇ ಮೊರ ಕೆಳಗಿಟ್ಟರು. "ರಕ್ತ ಕಾಣ್ತಾ?"

ಚೈತ್ರ ತಲೆಯಾಡಿಸಿದಳು.

"ಎಷ್ಟು? ನೋವಿದ್ಯಾ?"

"ಸ್ವಲ್ಪ. ನೋವಿಲ್ಲ. ಅತ್ತೆ, ನಿಮ್ಗೆ ಹೆಂಗೆ..."

"ಆಮೇಲೆ. ಕೂತ್ಕೊ ಇಲ್ಲಿ. ಏನ್ರೀ, ಒಂದು ಆಟೋ ಕರೀರಿ. ಜಯನಗರಕ್ಕೆ ಡಾಕ್ಟ್ರ ಹತ್ರ ಹೋಗ್ಬೇಕು. ದೀಪಕ್‌ಗೂ ಅಲ್ಲಿಗೇ ಬರಕ್ಕೆ ಹೇಳಿ."

ಅಷ್ಟರಲ್ಲಿ ಕೋಲೂರಿಕೊಂಡು ಅಮ್ಮಣ್ಣಿ ಬಂದರು. ಎಂಬತ್ತನಾಲ್ಕಾದರೂ ಅವರ ಕಿವಿ ಹದಿನೆಂಟರದ್ದು. "ಏನು ರಕ್ತ? ಬಸುರಾ? ಎಷ್ಟು ತಿಂಗ್ಳು?"

"ಎರಡು ತುಂಬಿದೆ ಅಜ್ಜಿ."

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದರು. "ಅಂದ್ರೆ ಗೋಡೆ ಕೊರೀವಾಗ ಇತ್ತು! ಮೊನ್ನೆ ಹೊರಗೆ ಕೂತಿದ್ಯಲ್ಲೇ?"

"ಸುಳ್ಳು ಹೇಳ್ದೆ ಅಜ್ಜಿ."

"ಅಯ್ಯೋ ಪಾಪಿ ಮುಂಡೇದೇ!" ಅಮ್ಮಣ್ಣಿಯವರ ಕೋಲು ನೆಲಕ್ಕೆ ಬಡಿಯಿತು. "ಐದು ವರ್ಷಕ್ಕೆ ದೇವ್ರು ಕಣ್ಬಿಟ್ರೆ, ಒಂದು ವೈರಿಗೋಸ್ಕರ ಕಳ್ಕೊಂಡ್ಯಲ್ಲೇ! ಈ ಮನೆಗೆ ಬಂದೋರೆಲ್ಲ ಹಿಂಗೇ. ಇವ್ಳು ಮುಖ ನೋಡ್ಕೊಳಕ್ಕೆ ಕನ್ನಡಿ ಬೇಕು ಅಂತ ಮೊಳೆ ಹೊಡೆಸಿ ಹೊಟ್ಟೇಲಿದ್ದ ಏಳು ತಿಂಗಳ ಗಂಡು ಮಗೂನ ತಿಂದ್ಲು. ಈಗ ನೀನು!"

"ಅವ್ವಾ, ಆ ಮಾತು ಈಗ್ಯಾಕೆ," ಎಂದು ಗಂಗಾಧರಯ್ಯ ಫೋನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

ಚೈತ್ರ ಅತ್ತೆಯ ಕಡೆ ತಿರುಗಿದಳು. ದೀಪಕನಿಗಿಂತ ಮೊದಲು ಒಂದು ಮಗು ಹೋಗಿತ್ತೆಂದು ಐದು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಮಂಗಮ್ಮ ಏರುದನಿ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಗೋಡೆ ಕೊರೆಸಿದ್ದು ಇವ್ಳಲ್ಲ ಅತ್ತೆ, ನಾನು. ನಿನ್ನೆ ನಾನೇ ಫೋನ್ ಮಾಡಿ ಆ ಹುಡುಗನ್ನ ಕರ್ಸಿದ್ದು. ನಿಮ್ಮನ್ನ ಮಹಡಿ ಮನೆಯೋರ ಹತ್ರ ಕೂರ್ಸಿ, ಇವ್ಳನ್ನ ಗಿರಿನಗರಕ್ಕೆ ಕಳ್ಸಿ, ಮುಂದೆ ನಿಂತ್ಕೊಂಡು ಕೊರೆಸ್ದೆ."

"ನಿಂಗೇನು ಗೊತ್ತಿತ್ತು ಪಾಪ, ಇವ್ಳು ಮುಚ್ಚಿಟ್ಟಿದ್ಲು."

"ಗೊತ್ತಿತ್ತು."

ಮಂಗಮ್ಮ ಚೈತ್ರಳ ಹೆಗಲ ಮೇಲೆ ಕೈಯಿಟ್ಟರು.

"ಮೂರು ದಿನ ಹೊರಗೆ ಕೂತಿದ್ಲು. ಕಸದ ಗಾಡಿಗೆ ಪ್ಯಾಡನ್ನ ಬೇರೆ ಪೇಪರಲ್ಲಿ ಸುತ್ತಿ ಕೊಡೋಳು ನಾನಲ್ವಾ? ಸುತ್ತಕ್ಕೆ ಏನೂ ಇರ್ಲಿಲ್ಲ. ಅದಕ್ಕೂ ಮುಂಚೆ ಬಚ್ಚಲು ನಲ್ಲಿ ಸದ್ದೇ ಹೇಳಿತ್ತು. ಗೊತ್ತಿದ್ದೇ ಕೊರೆಸ್ದೆ ಅತ್ತೆ. ಕನ್ನಡಿ ಮಾತು ಮೂವತ್ತೆಂಟು ವರ್ಷ ಅಂದ್ರಿ, ಒಂದಿನ ಎದುರಾಡ್ಲಿಲ್ಲ. ಇವತ್ತು ಏನಾದ್ರೂ ಆದ್ರೆ ಅದನ್ನೂ ನನ್ನ ತಲೆಗೇ ಕಟ್ಟಿ. ಈ ಹುಡುಗಿಗೆ ಮಾತ್ರ ಒಂದು ಮಾತು ಅಂದ್ರೆ ನಾನು ಸುಮ್ನಿರಲ್ಲ."

ಹೊರಗೆ ಆಟೋ ಬಂತು.

"ನಿಧಾನಕ್ಕೆ ಓಡ್ಸಪ್ಪ, ಹಂಪ್ ನೋಡ್ಕೊಂಡು," ಎಂದು ಮಂಗಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಎಂಎಸ್ಸಿ ಓದಿದ ಚೈತ್ರಳಿಗೆ ಮೊಳೆಯ ಮಾತಿನಲ್ಲಿ ಯಾವತ್ತೂ ನಂಬಿಕೆಯಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಆ ಗೋಡೆಯೇ ಕಾಣುತ್ತಿತ್ತು. ತಾನೇ ಮಾಡಿಕೊಂಡೆನೇ ಎಂದು ಒಳಗೊಂದು ದನಿ ಕೇಳುತ್ತಿತ್ತು. ಅದು ಅಮ್ಮಣ್ಣಿಯವರ ದನಿಯಂತೆಯೇ ಇತ್ತು.

"ಗೊತ್ತಾದ ದಿನವೇ ನನ್ನ ಯಾಕೆ ಬೈಲಿಲ್ಲ ಅತ್ತೆ?"

"ಬೇಜಾರಾಯ್ತು. ನನಗೂ ಹೇಳ್ಲಿಲ್ವಲ್ಲ ಅಂತ ಒಂದು ರಾತ್ರಿಯೆಲ್ಲ ಅತ್ಬಿಟ್ಟೆ. ಆಮೇಲೆ, ಪಾಪ ಏನ್ ಮಾಡ್ತಾಳೆ, ಹೇಳೋ ಹಂಗೆ ಈ ಮನೇಲಿ ನಾವು ಇಟ್ಕೊಂಡಿದ್ರೆ ತಾನೇ ಅಂತ ಅನ್ನಿಸ್ತು."

"ಕೊರೆಸೋವಾಗ ಹೆದ್ರಿಕೆ ಆಗ್ಲಿಲ್ವಾ?"

"ಆಗ್ದೇ ಏನೇ? ಮಷಿನ್ ಗುರ್ ಅಂದಾಗೆಲ್ಲ ದೇವ್ರ ಹೆಸ್ರು ಹೇಳ್ಕೋತಿದ್ದೆ. ಗೋಡೆ ಕೊರೆದ್ರೆ ಏನಾಗುತ್ತೋ ನಂಗೆ ಗೊತ್ತಿಲ್ಲ. ಆದ್ರೆ ದಿನಾ ಹೋಗ್ತಾ ಬರ್ತಾ ಮೂರು ಗಂಟೆ ಆ ಹೊಂಡದ ರಸ್ತೇಲಿ ಕುಲುಕಾಡಿದ್ರೆ ಏನಾಗುತ್ತೆ ಅಂತ ಗೊತ್ತಿತ್ತು. ಎರಡು ಭಯದಲ್ಲಿ ಒಂದನ್ನ ಆರಿಸ್ಕೊಂಡೆ." ಸಿಗ್ನಲ್ ಬಿಟ್ಟು ಆಟೋ ಹೊರಟಾಗ ಮೆಲ್ಲಗೆ, "ತಪ್ಪು ಆರಿಸಿದ್ನೋ ಏನೋ," ಎಂದರು.

ಕ್ಲಿನಿಕ್ಕಿನ ಬಾಗಿಲಲ್ಲಿ ದೀಪಕ್ ಹೆಲ್ಮೆಟ್ಟು ಕೂಡ ತೆಗೆಯದೆ ನಿಂತಿದ್ದ. ಜೊತೆಗೆ ಒಳಗೆ ಒಬ್ಬರನ್ನೇ ಬಿಡುವುದು ಎಂದಾಗ ಚೈತ್ರ ಗಂಡನ ಮುಖ ನೋಡಿ, ಅತ್ತೆಯ ಕೈ ಹಿಡಿದಳು.

ಡಾಕ್ಟರು ಸ್ಕ್ಯಾನಿಂಗ್ ಪರದೆಯನ್ನು ಬಹಳ ಹೊತ್ತು ನೋಡಿದರು. ಮಂಗಮ್ಮನವರ ತುಟಿ ಅಲುಗುತ್ತಿತ್ತು. ಆಮೇಲೆ ಡಾಕ್ಟರು ಏನೋ ಒತ್ತಿದರು. ಕೋಣೆಯಲ್ಲಿ ಓಡೋಡಿ ಬರುವ ಸದ್ದೊಂದು ತುಂಬಿಕೊಂಡಿತು.

"ಹಾರ್ಟ್ ಬೀಟ್. ಮಗು ಚೆನ್ನಾಗಿದೆ. ಕೆಲವ್ರಿಗೆ ಹೀಗೆ ಸ್ವಲ್ಪ ಕಾಣಿಸ್ಕೊಳ್ಳುತ್ತೆ. ಎರಡು ವಾರ ರೆಸ್ಟ್ ಮಾಡ್ಲಿ, ಮಾತ್ರೆ ಬರ್ಕೊಡ್ತೀನಿ."

ಚೈತ್ರ ಬಿಕ್ಕಿ ಬಿಕ್ಕಿ ಅತ್ತಳು. ಮಂಗಮ್ಮ ಅಳಲಿಲ್ಲ. ಪರದೆಯ ಮೇಲಿನ ಆ ಮಿಣುಕನ್ನೇ ನೋಡುತ್ತಿದ್ದರು.

"ಏನೂ ಆಗಿಲ್ವಾ ಮೇಡಂ? ಮನೇಲಿ ಗೋಡೆ ಕೊರೆಸಿದ್ವಿ. ಎರಡು ತೂತು. ಒಂದಂತೂ ಇಷ್ಟುದ್ದ, ಕಲ್ಲಿನ ಗೋಡೆ."

ಡಾಕ್ಟರು ನಕ್ಕರು. "ಗೋಡೆಗೂ ಮಗೂಗೂ ಏನಮ್ಮ ಸಂಬಂಧ? ಅದ್ರಿಂದ ಏನೂ ಆಗಲ್ಲ."

"ಮೊಳೆ ಹೊಡೆದ್ರೆ?"

"ಮೊಳೆ ಹೊಡೆದ್ರೂ ಆಗಲ್ಲ."

"ಯಾವಾಗ್ಲೂ?"

"ಯಾವಾಗ್ಲೂ ಆಗಲ್ಲಮ್ಮ. ಆಗೋದಾದ್ರೆ ಅದಕ್ಕೆ ಬೇರೆ ಕಾರಣ ಇರುತ್ತೆ."

ಮಂಗಮ್ಮ ಗೋಡೆ ಹಿಡಿದುಕೊಂಡು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಡಾಕ್ಟರು ಚೀಟಿ ಬರೆಯಲು ಆಚೆ ಹೋದ ಮೇಲೂ ಏಳಲಿಲ್ಲ. ಚೈತ್ರ ಮಲಗಿದಲ್ಲಿಂದಲೇ ಕೈ ಚಾಚಿ ಅವರ ಭುಜ ಮುಟ್ಟಿದಳು.

"ಹಂಗಾದ್ರೆ," ಎಂದರು ಮಂಗಮ್ಮ, "ನಾನು ಕೊಂದಿದ್ದಲ್ಲ ಕಣೇ ಅದನ್ನ."